ಸೆಲ್ಫ್ ಹೊಡೆದರೂ ಕಾರು ತಡವಾಗಿ ಸ್ಟಾರ್ಟ್ ಆಗುತ್ತಿದೆಯಾ? ಕಾರಣ ಹುಡುಕುವ ದಾರಿ ಇಲ್ಲಿದೆ

ಚೆನ್ನಾಗಿರುವ ಪೆಟ್ರೋಲ್ ಕಾರು ಒಂದು ಸೆಕೆಂಡ್, ಹೆಚ್ಚೆಂದರೆ ಎರಡು ಸೆಕೆಂಡ್ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಡೀಸೆಲ್ ಕಾರು ಚಳಿಯ ಬೆಳಗ್ಗೆ ಇನ್ನೊಂದು ಸೆಕೆಂಡ್ ಜಾಸ್ತಿ ಕೇಳಬಹುದು. ನಾಲ್ಕೈದು ಸೆಕೆಂಡ್ ಎಳೆಯುವುದು ದಿನಾ ನಡೆಯುತ್ತಿದ್ದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ. ಇವತ್ತು ತಡವಾಗಿಯಾದರೂ ಸ್ಟಾರ್ಟ್ ಆಗುತ್ತಿದೆ. ಮುಂದೊಂದು ದಿನ ಆಗುವುದೇ ಇಲ್ಲ.

ಈ ತೊಂದರೆಗೆ ಬಹಳ ಜನ ಮಾಡುವ ಮೊದಲ ಕೆಲಸ ಬ್ಯಾಟರಿ ಬದಲಾಯಿಸುವುದು. ಆಮೇಲೆ ಸ್ಪಾರ್ಕ್ ಪ್ಲಗ್, ಆಮೇಲೆ ಫ್ಯುಯೆಲ್ ಪಂಪ್. ಒಂದೊಂದೇ ಪಾರ್ಟ್ ಹಾಕುತ್ತಾ ಹೋದರೆ ಎಂದಾದರೂ ಸರಿಯಾಗುತ್ತದೆ, ನಿಜ. ಅಷ್ಟರಲ್ಲಿ ಜೇಬು ಖಾಲಿ. ಪಾರ್ಟ್ ಕೊಳ್ಳುವ ಮುಂಚೆ ಮನೆ ಮುಂದೆ ನಿಂತೇ ಮಾಡಬಹುದಾದ ಪರೀಕ್ಷೆಗಳು ಬೇಕಾದಷ್ಟಿವೆ. ಇವಕ್ಕೆ ಬೇಕಾಗುವುದು ಒಂದು ಸಾಧಾರಣ ಮಲ್ಟಿಮೀಟರ್, ಕಾರಿನ ಕಂಪ್ಯೂಟರ್ ಹೇಳುವುದನ್ನು ಓದಿ ಬ್ಲೂಟೂತ್‌ನಲ್ಲಿ ಮೊಬೈಲ್‌ಗೆ ಕಳಿಸುವ ಒಂದು ಓಬಿಡಿ ಸ್ಕ್ಯಾನರ್, ಮತ್ತೆ ಸ್ವಲ್ಪ ತಾಳ್ಮೆ.

ಶುರು ಮಾಡುವ ಮುಂಚೆ ಒಂದು ಮಾತು. ಸೆಲ್ಫ್ ಅನ್ನು ಒಂದೇ ಸಮನೆ ಹತ್ತು ಸೆಕೆಂಡ್‌ಗಿಂತ ಜಾಸ್ತಿ ಹೊಡೆಯಬೇಡಿ. ಸ್ಟಾರ್ಟ್ ಆಗಲಿಲ್ಲ ಅಂದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಪ್ರಯತ್ನಿಸಿ. ಸ್ಟಾರ್ಟರ್ ಮೋಟರ್ ತುಂಬಾ ಕರೆಂಟ್ ಎಳೆಯುತ್ತದೆ, ಬೇಗ ಕಾಯುತ್ತದೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುವುದೂ ಉಂಟು.

ಮೊದಲು ಸದ್ದು ಕೇಳಿ

ಕಿಟಕಿ ಇಳಿಸಿ. ಎಸಿ, ರೇಡಿಯೋ ಎಲ್ಲ ಆಫ್ ಮಾಡಿ. ಸೆಲ್ಫ್ ಹೊಡೆದಾಗ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಗಮನಿಸಿ.

ಸದ್ದು ಎಳೆದೆಳೆದು ಬರುತ್ತಿದ್ದರೆ, ಹೆಡ್‌ಲೈಟ್ ತುಂಬಾ ಮಂಕಾಗುತ್ತಿದ್ದರೆ, ತಪ್ಪು ಕರೆಂಟಿನ ಕಡೆ ಇದೆ. ಬ್ಯಾಟರಿ, ಟರ್ಮಿನಲ್, ಅರ್ಥ್ ವೈರ್ (ಬ್ಯಾಟರಿಯ ನೆಗೆಟಿವ್ ಅನ್ನು ಎಂಜಿನ್ ಲೋಹಕ್ಕೆ ಜೋಡಿಸುವ ವೈರ್), ಸ್ಟಾರ್ಟರ್ ಮೋಟರ್ ಇವುಗಳಲ್ಲೇ ಹುಡುಕಬೇಕು. ಎಂಜಿನ್ ಎಂದಿನ ವೇಗದಲ್ಲೇ ತಿರುಗಿಯೂ ಸ್ಟಾರ್ಟ್ ಆಗಲು ತಡ ಮಾಡುತ್ತಿದ್ದರೆ ಬ್ಯಾಟರಿಯ ತಪ್ಪಿರುವುದು ಕಡಿಮೆ. ಆಗ ಪೆಟ್ರೋಲ್ ಅಥವಾ ಡೀಸೆಲ್ ಬರುವ ದಾರಿ, ಸೆನ್ಸರ್, ಸ್ಪಾರ್ಕ್ ಇವುಗಳ ಕಡೆ ಹೋಗಬೇಕು.

ಮೂರನೆಯ ಥರದ್ದೂ ಒಂದಿದೆ. ಸೆಲ್ಫ್ ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದ ಹಾಗೆ ಗಿರ್ರನೆ ತಿರುಗುತ್ತದೆ. ಹಾಗಾದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಲು ಹೋಗಬೇಡಿ. ಎಂಜಿನ್‌ನ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಜಾರಿರಬಹುದು, ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ) ಹೋಗಿರಬಹುದು. ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜ್‌ಗೆ ಹೋಗುವುದೇ ಮೇಲು.

ಪುಶ್ ಬಟನ್ ಇರುವ ಕಾರುಗಳಲ್ಲಿ ಒಂದು ಮೋಸ ಇದೆ. ಒಮ್ಮೆ ಬಟನ್ ಒತ್ತಿ ಬಿಟ್ಟರೆ ಸ್ಟಾರ್ಟ್ ಆಗುವವರೆಗೂ ಕಾರೇ ಸೆಲ್ಫ್ ಹೊಡೆಯುತ್ತಿರುತ್ತದೆ. ಹಾಗಾಗಿ ಒಂದು ಸೆಕೆಂಡ್ ಮೂರಾಗಿದ್ದು ಓಡಿಸುವವರ ಗಮನಕ್ಕೇ ಬರುವುದಿಲ್ಲ. ಮೊಬೈಲ್‌ನಲ್ಲಿ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ಸಮಯ ಗೊತ್ತಾಗುತ್ತದೆ, ಆಮೇಲೆ ಮೆಕ್ಯಾನಿಕ್‌ಗೂ ತೋರಿಸಬಹುದು.

ಯಾವಾಗ ತಡ ಮಾಡುತ್ತದೆ?

ನನ್ನ ಪ್ರಕಾರ ಅರ್ಧ ಉತ್ತರ ಈ ಪ್ರಶ್ನೆಯಲ್ಲೇ ಇದೆ. ಆದರೆ ಗ್ಯಾರೇಜ್‌ನಲ್ಲಿ ಇದನ್ನು ಕೇಳುವವರು ಕಡಿಮೆ, ನಾವೂ ಹೇಳುವುದಿಲ್ಲ. "ಸ್ಟಾರ್ಟಿಂಗ್ ಪ್ರಾಬ್ಲಂ" ಎಂದು ಹೇಳಿ ಕೀ ಕೊಟ್ಟು ಬರುತ್ತೇವೆ. ಅಲ್ಲಿ ಮಧ್ಯಾಹ್ನ ಅವರು ಕೀ ತಿರುಗಿಸಿದಾಗ ಕಾರು ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. "ಏನೂ ಇಲ್ಲ ಸಾರ್" ಎಂದು ವಾಪಸ್ ಕಳಿಸುತ್ತಾರೆ.

ಒಂದು ವಾರ ಬರೆದಿಡಿ. ಯಾವ ಹೊತ್ತು, ಎಷ್ಟು ಗಂಟೆ ನಿಂತಿತ್ತು, ಎಂಜಿನ್ ಬಿಸಿ ಇತ್ತಾ ತಣ್ಣಗಿತ್ತಾ, ಟ್ಯಾಂಕ್‌ನಲ್ಲಿ ಎಷ್ಟಿತ್ತು, ಇಳಿಜಾರಿನಲ್ಲಿ ನಿಲ್ಲಿಸಿದ್ದಿರಾ, ಸ್ಟಾರ್ಟ್ ಆದ ಮೇಲೆ ಹೊಗೆ ಬಂತಾ, ಯಾವ ಬಣ್ಣ. ಇಷ್ಟು ಸಾಕು.

ರಾತ್ರಿಯಿಡೀ ನಿಂತು ಬೆಳಗ್ಗೆ ಮಾತ್ರ ತಡ ಮಾಡಿದರೆ ಪೆಟ್ರೋಲ್ ಪೈಪ್‌ನಲ್ಲಿ ಒತ್ತಡ ಇಳಿದಿರಬಹುದು. ಡೀಸೆಲ್ ಆದರೆ ಗಾಳಿ ಸೇರುತ್ತಿರಬಹುದು, ಇಲ್ಲವೇ ತಣ್ಣಗಿರುವ ಸಿಲಿಂಡರ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಸುಟ್ಟಿರಬಹುದು. ದೂರ ಓಡಿಸಿ, ಟೀ ಕುಡಿಯಲು ಹದಿನೈದು ನಿಮಿಷ ನಿಲ್ಲಿಸಿ, ಮತ್ತೆ ಹೊರಡುವಾಗ ತಡವಾದರೆ ಸೋರುವ ಇಂಜೆಕ್ಟರ್ (ಎಂಜಿನ್‌ಗೆ ಇಂಧನ ಚಿಮ್ಮಿಸುವ ಭಾಗ) ಅಥವಾ ಬಿಸಿಯಾದಾಗ ಕೈಕೊಡುವ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಅಳೆಯುವ ಸೆನ್ಸರ್) ಮೇಲೆ ಸಂಶಯ ಬರಬೇಕು. ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿದ ತಕ್ಷಣ ಮಾತ್ರ ಹೀಗಾದರೆ ಅದು ಬೇರೆಯದೇ ಕಥೆ, ಮುಂದೆ ಹೇಳುತ್ತೇನೆ. ಬಿಸಿ, ತಣ್ಣಗೆ ಎನ್ನದೆ ಯಾವಾಗಲೂ ಒಂದೇ ಸಮ ತಡ ಮಾಡಿದರೆ ಯಾವ ಸಿಲಿಂಡರ್‌ನ ಸರದಿ ಎಂದು ತಿಳಿಸುವ ಕ್ಯಾಮ್ ಸೆನ್ಸರ್ ಅಥವಾ ಟೈಮಿಂಗ್ ಕಡೆ ನೋಡಬೇಕು.

ನಿಧಾನವಾಗಿ ತಿರುಗುತ್ತಿದ್ದರೆ: ಬ್ಯಾಟರಿಯಿಂದ ಸ್ಟಾರ್ಟರ್‌ವರೆಗೆ

ರಾತ್ರಿಯೆಲ್ಲ ನಿಂತಿದ್ದ ಕಾರಿನ ಬಾನೆಟ್ ಎತ್ತಿ ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ವೋಲ್ಟೇಜ್ ನೋಡಿ. ಸುಮಾರು 12.6 ವೋಲ್ಟ್ ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು ಭಾಗ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ, ಮೊದಲು ಚಾರ್ಜ್ ಮಾಡಿ. ಗಾಡಿ ಓಡಿಸಿ ಬಂದ ತಕ್ಷಣ ಅಳೆದರೆ ಲೆಕ್ಕ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಬೇಡಿ.

ನಿಂತಾಗ 12.6 ಇದ್ದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಎಂದಲ್ಲ. ಭಾರ ಬಿದ್ದಾಗ ಎಷ್ಟು ತಡೆಯುತ್ತದೆ ಎನ್ನುವುದು ಮುಖ್ಯ. ಮೀಟರ್ ಕಡ್ಡಿಗಳನ್ನು ಬ್ಯಾಟರಿಗೇ ಹಿಡಿದು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಕೈ ಮತ್ತು ಬಟ್ಟೆ ಬೆಲ್ಟ್‌ನಿಂದ ದೂರವಿರಲಿ. ಸೆಲ್ಫ್ ಹೊಡೆಯುವಾಗ 10 ವೋಲ್ಟ್‌ಗಿಂತ ಮೇಲೆ ನಿಂತರೆ ಒಳ್ಳೆಯದು. 9.6ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿ ಸೋತಿದೆ ಎನ್ನಬಹುದು. ವೋಲ್ಟೇಜ್ ಅಷ್ಟು ಇಳಿದಾಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಇಂಜೆಕ್ಟರ್, ಸ್ಪಾರ್ಕ್ ಕಾಯಿಲ್ ಎಲ್ಲಕ್ಕೂ ಕರೆಂಟ್ ಸಾಲುವುದಿಲ್ಲ. ಎಂಜಿನ್ ತಿರುಗುತ್ತಿದ್ದರೂ ಸ್ಟಾರ್ಟ್ ಆಗಲು ಎಳೆಯುವುದಕ್ಕೆ ಇದೂ ಒಂದು ಕಾರಣ.

ಬ್ಯಾಟರಿಯಲ್ಲಿ 11 ವೋಲ್ಟ್ ನಿಂತರೂ ಎಂಜಿನ್ ನಿಧಾನವಾಗಿ ತಿರುಗುತ್ತಿದೆಯಾ? ಹಾಗಾದರೆ ಕರೆಂಟ್ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್‌ನ ಬರಿಯ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. 0.2, 0.3 ವೋಲ್ಟ್ ಒಳಗೆ ತೋರಿಸಬೇಕು. ಜಾಸ್ತಿ ತೋರಿಸಿದರೆ ಅರ್ಥ್ ವೈರ್ ಕೆಟ್ಟಿದೆ. ಇದೇ ರೀತಿ ಪಾಸಿಟಿವ್ ಕಂಬದಿಂದ ಸ್ಟಾರ್ಟರ್‌ನ ದಪ್ಪ ವೈರ್ ಇರುವ ಬೋಲ್ಟ್‌ವರೆಗೆ ಅಳೆದರೆ 0.5 ವೋಲ್ಟ್ ದಾಟಬಾರದು. ಮಂಗಳೂರು, ಉಡುಪಿ, ಕಾರವಾರದ ಕಡೆಯ ಗಾಡಿಗಳಲ್ಲಿ ಅರ್ಥ್ ವೈರ್ ಬೋಲ್ಟ್‌ಗೆ ಉಪ್ಪುಗಾಳಿಗೆ ತುಕ್ಕು ಹಿಡಿದಿರುವುದು ಸಾಮಾನ್ಯ. ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿದರೆ ಸಾಕು. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ದರೂ ಅಷ್ಟೇ, ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಬಿಗಿ ಮಾಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಬ್ಯಾಟರಿಯೂ ಸರಿ, ವೈರೂ ಸರಿ ಅಂದರೆ ಸ್ಟಾರ್ಟರ್ ಮೋಟರ್ ಬಿಚ್ಚಿಸಬೇಕು. ಪೂರ್ತಿ ಹೊಸದೇ ಬೇಕೆಂದಿಲ್ಲ. ಕಾರ್ಬನ್ ಬ್ರಷ್, ಬುಷ್ ಬದಲಾಯಿಸಿ ರಿಪೇರಿ ಮಾಡುವ ಆಟೋ ಎಲೆಕ್ಟ್ರಿಷಿಯನ್‌ಗಳು ಸಣ್ಣ ಊರುಗಳಲ್ಲೂ ಸಿಗುತ್ತಾರೆ.

ಪೆಟ್ರೋಲ್ ಕಾರಿಗೆ: ಕಾಸು ಖರ್ಚಿಲ್ಲದ ಕೀ ಪರೀಕ್ಷೆ

ಎಂಜಿನ್ ವೇಗವಾಗಿ ತಿರುಗಿಯೂ ಬೆಳಗ್ಗೆ ತಡ ಮಾಡುತ್ತಿದೆಯಾ? ಮೊದಲು ಇದನ್ನೇ ಮಾಡಿ.

ಕೀಯನ್ನು ಆನ್ ತನಕ ಮಾತ್ರ ತಿರುಗಿಸಿ. ಸೆಲ್ಫ್ ಬೇಡ. ಹಿಂದಿನ ಸೀಟಿನ ಕೆಳಗಿಂದ ಸುಮಾರು ಎರಡು ಸೆಕೆಂಡ್ "ಗುಂಯ್" ಎಂಬ ಸಣ್ಣ ಸದ್ದು ಬರುತ್ತದೆ. ಅದು ಟ್ಯಾಂಕ್ ಒಳಗಿನ ಪಂಪ್. ಸದ್ದು ನಿಂತ ಮೇಲೆ ಕೀ ಆಫ್ ಮಾಡಿ. ಹತ್ತು ಸೆಕೆಂಡ್ ಬಿಟ್ಟು ಮತ್ತೆ ಆನ್. ಹೀಗೆ ಎರಡು ಮೂರು ಸಲ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ಪುಶ್ ಬಟನ್ ಕಾರಾದರೆ ಬ್ರೇಕ್, ಕ್ಲಚ್ ಎರಡೂ ಒತ್ತದೆ ಬಟನ್ ಅನ್ನು ಎರಡು ಸಲ ಒತ್ತಿದರೆ ಇಗ್ನಿಷನ್ ಆನ್ ಆಗುತ್ತದೆ.

ಈಗ ತಟ್ಟನೆ ಸ್ಟಾರ್ಟ್ ಆಯಿತಾ? ಹಾಗಾದರೆ ಪಂಪ್‌ಗೆ ಒತ್ತಡ ಕೊಡುವ ಶಕ್ತಿ ಇದೆ, ರಾತ್ರಿ ಆ ಒತ್ತಡ ಉಳಿಯುತ್ತಿಲ್ಲ. ಬಾವಿಯ ಪಂಪ್‌ಸೆಟ್‌ಗೆ ಫುಟ್‌ವಾಲ್ವ್ ಇರುತ್ತದಲ್ಲ, ಅದು ಸೋರಿದರೆ ಪೈಪ್‌ನ ನೀರೆಲ್ಲ ಕೆಳಗಿಳಿದು ಮರುದಿನ ಮತ್ತೆ ನೀರು ತುಂಬಿ ಶುರು ಮಾಡಬೇಕಾಗುತ್ತದೆ. ಕಾರಿನ ಪಂಪ್‌ನಲ್ಲೂ ಅಂಥದೇ ಒಂದು ವಾಲ್ವ್ ಇದೆ. ಅದು ಸರಿಯಾಗಿ ಮುಚ್ಚದಿದ್ದರೆ ಪೆಟ್ರೋಲ್ ಟ್ಯಾಂಕ್‌ಗೆ ವಾಪಸ್ ಇಳಿಯುತ್ತದೆ. ಇನ್ನೊಂದು ಸಾಧ್ಯತೆಯೂ ಇದೆ: ಇಂಜೆಕ್ಟರ್ ಸೋರಿ ಒತ್ತಡ ಎಂಜಿನ್ ಕಡೆಗೆ ಖಾಲಿಯಾಗುವುದು.

ಎಷ್ಟು ಸಲ ಆನ್ ಮಾಡಿದರೂ ವ್ಯತ್ಯಾಸವೇ ಇಲ್ಲ ಅಂದರೆ ಕಾರಣ ಬೇರೆ. ಪಂಪ್ ಸದ್ದೇ ಕೇಳದಿದ್ದರೆ ಫ್ಯೂಸ್ ಮತ್ತು ರಿಲೇ ನೋಡಿ. ಫ್ಯೂಸ್ ಬಾಕ್ಸ್‌ನಲ್ಲಿ ಅದೇ ನಂಬರಿನ ಬೇರೆ ರಿಲೇ ಇದ್ದರೆ, ಉದಾಹರಣೆಗೆ ಹಾರ್ನ್‌ನದು, ಅದಲು ಬದಲು ಮಾಡಿದರೆ ತಿಳಿಯುತ್ತದೆ. ಕೆಲವು ಕಾರುಗಳು ಡ್ರೈವರ್ ಬಾಗಿಲು ತೆಗೆದಾಗಲೇ ಪಂಪ್ ಓಡಿಸುತ್ತವೆ. ಅಂಥವುಗಳಲ್ಲಿ ಕೀ ಆನ್ ಮಾಡಿದಾಗ ಸದ್ದು ಬರಲಿಲ್ಲ ಎಂದು ಗಾಬರಿಯಾಗಬೇಡಿ.

ಇಲ್ಲಿಂದ ಮುಂದಿನ ಹೆಜ್ಜೆ ಪ್ರೆಷರ್ ಗೇಜ್. ಇದನ್ನು ಗ್ಯಾರೇಜ್‌ನಲ್ಲೇ ಮಾಡಿಸಿ, ಪೆಟ್ರೋಲ್ ಜೊತೆ ಆಟ ಬೇಡ. ಸಾಮಾನ್ಯ ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಒಂದು ಇಂಜೆಕ್ಟರ್ ಇರುವ) ಪೆಟ್ರೋಲ್ ಎಂಜಿನ್‌ಗಳಲ್ಲಿ 3ರಿಂದ 4 ಬಾರ್ ಒತ್ತಡ ಇರುತ್ತದೆ. ನಿಮ್ಮ ಕಾರಿನ ಸರಿಯಾದ ಲೆಕ್ಕ ಸರ್ವಿಸ್ ಮ್ಯಾನ್ಯುವಲ್‌ನಲ್ಲಿರುತ್ತದೆ. ಕೀ ಆನ್ ಮಾಡಿದ ತಕ್ಷಣ ಮುಳ್ಳು ಅಲ್ಲಿಗೆ ಏರಬೇಕು, ಆಫ್ ಮಾಡಿ ಹತ್ತು ನಿಮಿಷವಾದರೂ ಬಹುಪಾಲು ಅಲ್ಲೇ ನಿಲ್ಲಬೇಕು. ಏರುವುದೇ ನಿಧಾನವಾದರೆ ಪಂಪ್ ಸೋತಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಬೇಗ ಏರಿ ಬೇಗ ಬಿದ್ದರೆ ಸೋರಿಕೆ. ಟ್ಯಾಂಕ್ ಕಡೆಯಿಂದ ಬರುವ ರಬ್ಬರ್ ಪೈಪನ್ನು ಕ್ಲ್ಯಾಂಪ್‌ನಿಂದ ಒತ್ತಿ ಹಿಡಿದಾಗ ಒತ್ತಡ ನಿಂತರೆ ತಪ್ಪು ಪಂಪ್ ಕಡೆ. ಒತ್ತಿ ಹಿಡಿದರೂ ಇಳಿದರೆ ಇಂಜೆಕ್ಟರ್ ಕಡೆ. ಪ್ಲಾಸ್ಟಿಕ್ ಪೈಪ್ ಇದ್ದರೆ ಮಾತ್ರ ಒತ್ತಬೇಡಿ, ಸೀಳಿಹೋಗುತ್ತದೆ.

ಪಂಪ್ ಬೇಗ ಸಾಯಲು ನಮ್ಮದೇ ಒಂದು ಅಭ್ಯಾಸವೂ ಕಾರಣ. ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲ್‌ನಿಂದ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸಿದರೆ ಅದು ಕಾಯುತ್ತದೆ.

ಬಂಕ್‌ನಿಂದ ಹೊರಡುವಾಗ ಮಾತ್ರ ತಡ ಮಾಡಿದರೆ

ಇದು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. "ಆ ಬಂಕ್‌ನಲ್ಲಿ ಪೆಟ್ರೋಲ್ ಕಲಬೆರಕೆ" ಎಂದು ಬಂಕ್ ಬದಲಾಯಿಸುತ್ತಾರೆ. ಹೊಸ ಬಂಕ್‌ನಲ್ಲೂ ಅದೇ ಗೋಳು.

ಟ್ಯಾಂಕ್‌ನಲ್ಲಿ ಏಳುವ ಪೆಟ್ರೋಲ್ ಆವಿ ಹೊರಗೆ ಹೋಗದಂತೆ ಇದ್ದಿಲು ತುಂಬಿದ ಒಂದು ಡಬ್ಬಿ ಹಿಡಿದಿಡುತ್ತದೆ. ಅದರ ಹೆಸರು ಕ್ಯಾನಿಸ್ಟರ್. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ಎಂಬ ಸಣ್ಣ ವಾಲ್ವ್ ತೆರೆದು ಆ ಆವಿಯನ್ನು ಎಂಜಿನ್‌ಗೆ ಬಿಡುತ್ತದೆ. ಈ ವಾಲ್ವ್ ತೆರೆದೇ ಸಿಕ್ಕಿಕೊಂಡರೆ, ಟ್ಯಾಂಕ್ ತುಂಬುವಾಗ ಎದ್ದ ಆವಿಯೆಲ್ಲ ನೇರ ಎಂಜಿನ್‌ಗೆ ನುಗ್ಗುತ್ತದೆ. ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಎಂಜಿನ್ ಹತ್ತಿಕೊಳ್ಳುವುದಿಲ್ಲ.

ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿದ್ದಾಗ ವಾಲ್ವ್‌ಗೆ ಬರುವ ಪೈಪ್ ಬಿಚ್ಚಿ. ಕೀ ಆಫ್ ಇದ್ದಾಗ ವಾಲ್ವ್ ಮುಚ್ಚಿರಬೇಕು. ಒಂದು ತುಂಡು ಪೈಪ್ ಸಿಕ್ಕಿಸಿ ಮೆಲ್ಲಗೆ ಊದಿದರೆ ಗಾಳಿ ಆಚೆ ಹೋಗಬಾರದು. ಹೋದರೆ ವಾಲ್ವ್ ಬದಲಾಯಿಸಿ. ಪಂಪ್ ನಾಜಲ್ ಟಕ್ ಎಂದು ನಿಂತ ಮೇಲೂ "ರೌಂಡ್ ಫಿಗರ್ ಮಾಡಿ" ಎಂದು ಇನ್ನಷ್ಟು ತುಂಬಿಸುವ ಅಭ್ಯಾಸ ಈ ಕ್ಯಾನಿಸ್ಟರ್‌ಗೆ ಶತ್ರು. ಆವಿ ಇರಬೇಕಾದ ಜಾಗಕ್ಕೆ ಪೆಟ್ರೋಲೇ ಬಂದು ಕೂರುತ್ತದೆ.

ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಗ್ಗೆಯೂ ಹೇಳಿಬಿಡುತ್ತೇನೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಸಿಕ್ಕಿತು. ಅಂದಿನಿಂದ ಕಾರಿನ ಎಲ್ಲ ಕಾಯಿಲೆಗೂ ಜನ ಅದನ್ನೇ ದೂರುತ್ತಿದ್ದಾರೆ. ಎಥೆನಾಲ್ ಆವಿಯಾಗಲು ಪೆಟ್ರೋಲ್‌ಗಿಂತ ಜಾಸ್ತಿ ಶಾಖ ಕೇಳುತ್ತದೆ ನಿಜ, ನೀರನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇದರಿಂದ ತೊಂದರೆ ಆಗಬಹುದು. ಆದರೆ ದಿನಾ ಓಡುವ ಕಾರು ನಮ್ಮ ಹವೆಯಲ್ಲಿ ಐದು ಸೆಕೆಂಡ್ ಎಳೆದರೆ ಅದಕ್ಕೆ ಇ20 ಒಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಮೇಲಿನ ಪರೀಕ್ಷೆಗಳನ್ನು ಮಾಡದೆ ಬರೀ ದುಬಾರಿ ಪೆಟ್ರೋಲ್ ಹಾಕಿಸುವುದು ಸುಮ್ನೆ ದುಡ್ಡು ದಂಡ.

ಬಿಸಿ ಎಂಜಿನ್ ಹಟ ಹಿಡಿದಾಗ

ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಬಿಸಿಯಾಗಿ ಹತ್ತಿಪ್ಪತ್ತು ನಿಮಿಷ ನಿಂತ ಮೇಲೆ ಇಲ್ಲ. ಸ್ಟಾರ್ಟ್ ಆದಾಗ ಪೆಟ್ರೋಲ್ ವಾಸನೆ, ಒಂದು ಗುಕ್ಕು ಕಪ್ಪು ಹೊಗೆ. ಇಂಜೆಕ್ಟರ್ ಹನಿ ಹನಿಯಾಗಿ ಸೋರಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆಕ್ಸಿಲರೇಟರ್ ಪೂರ್ತಿ ಕೆಳಗೆ ಒತ್ತಿ ಹಿಡಿದು ಸೆಲ್ಫ್ ಹೊಡೆದು ನೋಡಿ. ಬಹಳಷ್ಟು ಕಾರುಗಳಲ್ಲಿ ಹೀಗೆ ಮಾಡಿದಾಗ ಇಸಿಯು ಇಂಜೆಕ್ಟರ್ ಬಂದ್ ಮಾಡಿ ಗಾಳಿ ಮಾತ್ರ ಬಿಡುತ್ತದೆ. ಬೇಗ ಸ್ಟಾರ್ಟ್ ಆದರೆ ಎಂಜಿನ್‌ನಲ್ಲಿ ಪೆಟ್ರೋಲ್ ಜಾಸ್ತಿಯಾಗಿತ್ತು ಎಂದು ಖಾತ್ರಿ. ಪ್ಲಗ್ ಬಿಚ್ಚಿ ನೋಡಿದರೆ ಯಾವ ಸಿಲಿಂಡರ್ ಎಂದೂ ಗೊತ್ತಾಗುತ್ತದೆ. ಒಂದೇ ಪ್ಲಗ್ ಒದ್ದೆಯಾಗಿ, ಕಪ್ಪಗಿರುತ್ತದೆ.

ಅಂದ ಹಾಗೆ, ಸ್ಟಾರ್ಟ್ ಮಾಡುವ ಮುಂಚೆ ಆಕ್ಸಿಲರೇಟರ್ ಅನ್ನು ಮೂರು ನಾಲ್ಕು ಸಲ ತುಳಿಯುವುದು ಅಂಬಾಸಿಡರ್ ಮತ್ತು ಹಳೆಯ ಮಾರುತಿ 800 ಓಡಿಸಿದವರ ಕಾಲಿಗೆ ಇನ್ನೂ ಅಂಟಿದೆ. ಕಾರ್ಬುರೇಟರ್‌ಗೆ ಅದು ಬೇಕಿತ್ತು. ಇಂಜೆಕ್ಷನ್ ಗಾಡಿಗೆ ಏನೂ ಉಪಯೋಗವಿಲ್ಲ.

ಬಿಸಿಯಾದಾಗ ಪೆಟ್ರೋಲ್ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ, ಅರ್ಧ ಗಂಟೆ ತಣ್ಣಗಾದ ಮೇಲೆ ತಾನಾಗಿ ಸ್ಟಾರ್ಟ್ ಆಗುತ್ತದೆ ಅಂದರೆ ಕ್ರ್ಯಾಂಕ್ ಸೆನ್ಸರ್ ನೋಡಿ. ಅದಕ್ಕೆ ಸ್ಕ್ಯಾನರ್ ಬೇಕು.

ಸ್ಕ್ಯಾನರ್‌ನಲ್ಲಿ ಏನು ನೋಡಬೇಕು

2013ರ ಏಪ್ರಿಲ್ ನಂತರ ನಮ್ಮಲ್ಲಿ ಬಂದ ಕಾರುಗಳಲ್ಲಿ ಓಬಿಡಿ-2 ಇರುತ್ತದೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಸಿಕ್ಕಿಸಿದರೆ ಮೊಬೈಲ್‌ನಲ್ಲಿ ಕೋಡ್ (ಇಸಿಯು ಗುರುತಿಸಿದ ತಪ್ಪಿನ ನಂಬರ್) ಮತ್ತು ಲೈವ್ ಡೇಟಾ (ಸೆನ್ಸರ್‌ಗಳು ಆ ಕ್ಷಣ ತೋರಿಸುವ ಲೆಕ್ಕ) ಎರಡೂ ಕಾಣುತ್ತವೆ. ಜನ ಕೋಡ್ ಮಾತ್ರ ನೋಡುತ್ತಾರೆ. ಕೋಡ್ ಇಲ್ಲದಿದ್ದರೆ ಏನೂ ತೊಂದರೆ ಇಲ್ಲ ಎಂದುಕೊಳ್ಳುತ್ತಾರೆ. ಅಸಲಿ ಮಾಹಿತಿ ಇರುವುದು ಲೈವ್ ಡೇಟಾದಲ್ಲಿ.

ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೀ ಆನ್ ಮಾಡಿ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ತಾಪಮಾನ ಮತ್ತು ಒಳಬರುವ ಗಾಳಿಯ ತಾಪಮಾನ ನೋಡಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಬೆಂಗಳೂರಿನ ಜನವರಿಯ ಬೆಳಗ್ಗೆ 18 ಡಿಗ್ರಿ ಇರುವಾಗ ಕೂಲೆಂಟ್ 60 ಡಿಗ್ರಿ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಎಂಜಿನ್ ಬಿಸಿಯಿದೆ ಎಂದು ನಂಬಿ ಇಸಿಯು ಪೆಟ್ರೋಲ್ ಕಡಿಮೆ ಕೊಡುತ್ತದೆ, ಅದಕ್ಕೇ ಬೆಳಗ್ಗೆ ಎಳೆಯುತ್ತದೆ. ಉಲ್ಟಾ ಆದರೆ ಬಿಸಿ ಎಂಜಿನ್‌ಗೆ ಪೆಟ್ರೋಲ್ ಸುರಿದು ಮುಳುಗಿಸುತ್ತದೆ. ಮೈನಸ್ 40 ತೋರಿಸಿದರೆ ವೈರ್ ತುಂಡಾಗಿದೆ ಅಥವಾ ಸಾಕೆಟ್ ಬಿಟ್ಟಿದೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ನಿಲ್ಲಿಸುವವರು ಇಲಿ ಕಡಿದಿದೆಯಾ ಎಂದೂ ನೋಡಿ. ಕೀ ಆನ್ ಮಾಡಿದ ಕೂಡಲೇ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗತೊಡಗಿದರೆ ಅದೂ ಈ ಸೆನ್ಸರ್ ಕೆಟ್ಟ ಸುಳಿವು.

ಎರಡನೆಯದು ಆರ್‌ಪಿಎಂ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ಸುಮಾರು 200 ಆರ್‌ಪಿಎಂ ಕಾಣಬೇಕು. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್‌ನಿಂದ ಸಿಗ್ನಲ್ ಬರುತ್ತಿಲ್ಲ. ಸಿಗ್ನಲ್ ಇಲ್ಲದೆ ಸ್ಪಾರ್ಕ್ ಇಲ್ಲ, ಇಂಜೆಕ್ಷನ್ ಇಲ್ಲ.

ಕೋಡ್‌ಗಳಲ್ಲಿ ನೆನಪಿಡಬೇಕಾದವು ಕೆಲವೇ. ಪಿ0335 ಕ್ರ್ಯಾಂಕ್ ಸೆನ್ಸರ್‌ನದು, ಪಿ0340 ಕ್ಯಾಮ್ ಸೆನ್ಸರ್‌ನದು. ಕ್ಯಾಮ್ ಸೆನ್ಸರ್ ಕೆಟ್ಟರೂ ಬಹಳಷ್ಟು ಕಾರುಗಳು ಸ್ಟಾರ್ಟ್ ಆಗುತ್ತವೆ. ಯಾವ ಸಿಲಿಂಡರ್‌ನ ಸರದಿ ಎಂದು ಇಸಿಯು ಊಹೆ ಮಾಡಬೇಕಾದ್ದರಿಂದ ತಡವಾಗುತ್ತದೆ, ಅಷ್ಟೇ. ಪಿ0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ತಾಳ ತಪ್ಪಿವೆ. ಜೊತೆಗೆ ಸ್ಟಾರ್ಟ್ ಆದಾಗ ಚೈನ್ ಕಟಕಟ ಸದ್ದು ಬಂದರೆ ಟೈಮಿಂಗ್ ಚೈನ್ ಹಿಗ್ಗಿರಬಹುದು, ತಡ ಮಾಡಬೇಡಿ. ಕೋಡ್ ಬಂದ ಕೂಡಲೇ ಸೆನ್ಸರ್ ಕೊಳ್ಳಲು ಓಡಬೇಡಿ. ಮೊದಲು ಅದರ ವೈರ್, ಸಾಕೆಟ್ ನೋಡಿ.

ಡೀಸೆಲ್ ಗಾಡಿಯ ಲೆಕ್ಕವೇ ಬೇರೆ

ಕಾಮನ್ ರೈಲ್ ಡೀಸೆಲ್‌ನಲ್ಲಿ ಸ್ಪಾರ್ಕ್ ಇಲ್ಲ. ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಕೊಡುವ ಒಂದೇ ದಪ್ಪ ಪೈಪ್ ಇರುತ್ತದೆ, ಅದೇ ರೈಲ್. ರೈಲ್‌ನಲ್ಲಿ ಇಂತಿಷ್ಟು ಒತ್ತಡ ಬರುವವರೆಗೆ ಇಸಿಯು ಇಂಜೆಕ್ಟರ್ ತೆರೆಯುವುದೇ ಇಲ್ಲ. ಎಂಜಿನ್‌ಗೆ ತಕ್ಕಂತೆ ಇದು ಸಾಮಾನ್ಯವಾಗಿ 150ರಿಂದ 250 ಬಾರ್. ಆ ಒತ್ತಡ ಏರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸೆಲ್ಫ್ ಎಳೆಯುತ್ತದೆ.

ಒಂದು ಎಚ್ಚರಿಕೆ. ಎಂಜಿನ್ ಓಡುವಾಗ ಆ ಸ್ಟೀಲ್ ಪೈಪ್‌ಗಳಲ್ಲಿ ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ. ಸೋರುವ ಜಾಗದಲ್ಲಿ ಬೆರಳಿಟ್ಟರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಳೆಯ ಗಾಡಿಗಳಂತೆ ಇಂಜೆಕ್ಟರ್ ಪೈಪ್‌ನ ನಟ್ ಸಡಿಲಿಸಿ ಗಾಳಿ ತೆಗೆಯುವ ಕೆಲಸ ಇಲ್ಲಿ ಬೇಡವೇ ಬೇಡ.

ಮೊದಲ ಸಂಶಯ ಗಾಳಿಯ ಮೇಲೆ ಇರಲಿ. ಮೂತಿ ಮೇಲೆ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿದ ರಾತ್ರಿ ಮರುದಿನ ಜಾಸ್ತಿ ಎಳೆಯುತ್ತದೆ, ಸಮತಟ್ಟಾದ ಕಡೆ ಕಡಿಮೆ ಎಳೆಯುತ್ತದೆ ಅಂದರೆ ಡೀಸೆಲ್ ಟ್ಯಾಂಕ್ ಕಡೆ ಇಳಿದು ಆ ಜಾಗಕ್ಕೆ ಗಾಳಿ ಬಂದಿದೆ. ಮಲೆನಾಡಿನ ಮನೆಗಳ ಏರು ದಾರಿಯಲ್ಲಿ ನಿಲ್ಲುವ ಗಾಡಿಗಳಲ್ಲಿ ಇದನ್ನು ಹಿಡಿಯುವುದು ಸುಲಭ. ಫಿಲ್ಟರ್ ಹತ್ತಿರ ಕೈಯಿಂದ ಒತ್ತುವ ಪ್ರೈಮಿಂಗ್ ಪಂಪ್ ಇದ್ದರೆ, ಸೆಲ್ಫ್ ಹೊಡೆಯುವ ಮುಂಚೆ ಅದು ಗಟ್ಟಿಯಾಗುವವರೆಗೆ ಒತ್ತಿ. ಆಮೇಲೆ ತಕ್ಷಣ ಸ್ಟಾರ್ಟ್ ಆದರೆ ಉತ್ತರ ಸಿಕ್ಕಿತು. ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಕಡೆ ಒಂದು ಪಾರದರ್ಶಕ ಪೈಪ್ ಹಾಕಿ ಗುಳ್ಳೆ ಬರುತ್ತವಾ ಎಂದು ನೋಡಬಹುದು. ಸಾಮಾನ್ಯವಾಗಿ ತಪ್ಪಿರುವುದು ಫಿಲ್ಟರ್ ಮುಚ್ಚಳದ ರಬ್ಬರ್ ರಿಂಗ್, ಕೆಳಗಿನ ನೀರು ತೆಗೆಯುವ ಸ್ಕ್ರೂ, ಬಿರುಕು ಬಿಟ್ಟ ಪೈಪ್ ಇವುಗಳಲ್ಲಿ. ಸರ್ವಿಸ್ ಆದ ಮರುದಿನದಿಂದ ಶುರುವಾಗಿದ್ದರೆ ಬೇರೆಲ್ಲೂ ಹುಡುಕಬೇಡಿ. ಫಿಲ್ಟರ್ ಕೂರಿಸಿದ ರೀತಿಯನ್ನೇ ಮೊದಲು ನೋಡಿ.

ಎರಡನೆಯದು ಹೀಟರ್ ಪ್ಲಗ್. ಬೆಳಗ್ಗೆ ಮಾತ್ರ ತಡ, ಸ್ಟಾರ್ಟ್ ಆದ ಮೇಲೆ ಬಿಳಿ ಹೊಗೆ, ಕೆಲವು ಸೆಕೆಂಡ್ ಗಾಡಿ ನಡುಕ, ಆಮೇಲೆ ಸರಿ. ಬೆಂಗಳೂರಿನಲ್ಲಿ ಒಂದೆರಡು ಪ್ಲಗ್ ಸತ್ತರೂ ಎಷ್ಟೋ ಗಾಡಿಗಳಲ್ಲಿ ಗೊತ್ತೇ ಆಗುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಗೊತ್ತಾಗುತ್ತದೆ. ಪ್ಲಗ್‌ನ ವೈರ್ ತೆಗೆದು ಅದರ ತಲೆಯಿಂದ ಎಂಜಿನ್ ಲೋಹಕ್ಕೆ ರೆಸಿಸ್ಟೆನ್ಸ್ ಅಳೆಯಿರಿ. ಒಂದು ಓಮ್ ಆಸುಪಾಸು ಇದ್ದರೆ ಸರಿ. ಮೀಟರ್ ಏನೂ ತೋರಿಸದಿದ್ದರೆ ಪ್ಲಗ್ ಸುಟ್ಟಿದೆ. ಬಿಚ್ಚುವ ಕೆಲಸ ಅನುಭವ ಇರುವವರಿಗೆ ಬಿಡಿ. ತುಂಬಾ ವರ್ಷ ಕೂತ ಪ್ಲಗ್ ಹೆಡ್ ಒಳಗೇ ಮುರಿದರೆ ಖರ್ಚು ಎಲ್ಲಿಗೋ ಹೋಗುತ್ತದೆ. ಹೀಟರ್ ಪ್ಲಗ್ ಇರುವ ಗಾಡಿಗೆ ಗಾಳಿಯ ದಾರಿಯಲ್ಲಿ ಈಥರ್ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡುವ ಸಾಹಸ ಬೇಡ. ಹೊತ್ತಲ್ಲದ ಹೊತ್ತಿಗೆ ಸಿಡಿದು ಪಿಸ್ಟನ್ ಒಡೆಯಬಹುದು.

ಮೂರನೆಯದು ಇಂಜೆಕ್ಟರ್ ಸವೆತ. ಲಕ್ಷಾಂತರ ಕಿಲೋಮೀಟರ್ ಓಡಿದ ಗಾಡಿಗಳಲ್ಲಿ ಇದು ಜಾಸ್ತಿ. ಸವೆದ ಇಂಜೆಕ್ಟರ್ ಡೀಸೆಲ್ ಅನ್ನು ಟ್ಯಾಂಕ್‌ಗೆ ವಾಪಸ್ ಹೋಗುವ ರಿಟರ್ನ್ ಪೈಪ್ ಕಡೆ ಬಿಟ್ಟುಬಿಡುತ್ತದೆ, ರೈಲ್‌ನಲ್ಲಿ ಒತ್ತಡ ಏರುವುದಿಲ್ಲ. ಬಿಸಿಯಾದಾಗ ಡೀಸೆಲ್ ತೆಳ್ಳಗಾಗುವುದರಿಂದ ಬಿಸಿ ಎಂಜಿನ್‌ನಲ್ಲೇ ಹೆಚ್ಚು ಎಳೆಯುತ್ತದೆ. ಸ್ಕ್ಯಾನರ್‌ನಲ್ಲಿ ರೈಲ್ ಪ್ರೆಷರ್ ನೋಡುತ್ತಾ ಸೆಲ್ಫ್ ಹೊಡೆಯಿರಿ. ಒಂದೆರಡು ಸೆಕೆಂಡ್‌ನಲ್ಲಿ ಇನ್ನೂರು ಬಾರ್ ಮುಟ್ಟದೆ ತೆವಳುತ್ತಿದ್ದರೆ ರಿಟರ್ನ್ ಪರೀಕ್ಷೆ ಮಾಡಿಸಿ. ನಾಲ್ಕೂ ಇಂಜೆಕ್ಟರ್‌ನ ರಿಟರ್ನ್ ಬಾಯಿಗೆ ನಾಲ್ಕು ಸಣ್ಣ ಬಾಟಲಿ ಜೋಡಿಸಿ ಎಂಜಿನ್ ಓಡಿಸುತ್ತಾರೆ. ಮೂರರಲ್ಲಿ ಸಮ ಇದ್ದು ಒಂದರಲ್ಲಿ ಎರಡು ಮೂರು ಪಟ್ಟು ಡೀಸೆಲ್ ಬಂದರೆ ಅದೇ ಕಳ್ಳ. ನಾಲ್ಕೂ ಸಮ ಮತ್ತು ಕಡಿಮೆ ಇದ್ದರೆ ಹೈ ಪ್ರೆಷರ್ ಪಂಪ್, ಅದರ ವಾಲ್ವ್ ನೋಡಬೇಕು. ಈ ಬಾಟಲಿ ಪರೀಕ್ಷೆ ಮಾಡದೆ "ನಾಲ್ಕೂ ಇಂಜೆಕ್ಟರ್ ಹಾಕಬೇಕು" ಎನ್ನುವ ಗ್ಯಾರೇಜ್‌ನಿಂದ ಕೀ ವಾಪಸ್ ತೆಗೆದುಕೊಂಡು ಬನ್ನಿ.

ಉಳಿದ ಸಣ್ಣಪುಟ್ಟವು

ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕೂತರೆ ಸ್ಟಾರ್ಟ್ ಆಗುವಾಗ ಗಾಳಿ ಸಾಲುವುದಿಲ್ಲ. ಆಕ್ಸಿಲರೇಟರ್ ಸ್ವಲ್ಪವೇ ಒತ್ತಿದಾಗ ಬೇಗ ಸ್ಟಾರ್ಟ್ ಆದರೆ ಇದೇ ಕಾರಣ. ಕ್ಲೀನ್ ಮಾಡಿಸಿ. ಕೆಲವು ಕಾರುಗಳಲ್ಲಿ ಕ್ಲೀನ್ ಆದ ಮೇಲೆ ಸ್ಕ್ಯಾನರ್‌ನಲ್ಲಿ ಐಡ್ಲಿಂಗ್ ಮತ್ತೆ ಕಲಿಸಬೇಕಾಗುತ್ತದೆ. ಸ್ಪಾರ್ಕ್ ಪ್ಲಗ್ ಸವೆದಿದ್ದರೆ ಮಳೆಗಾಲದ ಬೆಳಗ್ಗೆ ತೊಂದರೆ ಜಾಸ್ತಿ, ಆದರೆ ಆಗ ಓಡುವಾಗಲೂ ಜರ್ಕ್ ಇರುತ್ತದೆ. ಓಟ ಚೆನ್ನಾಗಿದ್ದು ಸ್ಟಾರ್ಟಿಂಗ್ ಮಾತ್ರ ತಡ ಅಂದರೆ ಪ್ಲಗ್ ಮೇಲೆ ನನಗೆ ಅಷ್ಟು ಸಂಶಯ ಬರುವುದಿಲ್ಲ.

ಸಿಎನ್‌ಜಿ ಗಾಡಿಯವರಿಗೆ ಪ್ರತ್ಯೇಕ ಮಾತು. ಬಹುತೇಕ ಸಿಎನ್‌ಜಿ ಕಾರುಗಳು ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಆಗಿ ಆಮೇಲೆ ಗ್ಯಾಸ್‌ಗೆ ಬದಲಾಗುತ್ತವೆ. ಟಾಟಾದ ಐಸಿಎನ್‌ಜಿ ಕಾರುಗಳಂತೆ ನೇರ ಗ್ಯಾಸ್‌ನಲ್ಲೇ ಸ್ಟಾರ್ಟ್ ಆಗುವವು ಕೆಲವೇ. ಪೆಟ್ರೋಲ್ ಹೇಗೂ ಬೇಡ ಎಂದು ಟ್ಯಾಂಕ್ ತಳದಲ್ಲಿ ಒಂದೆರಡು ಲೀಟರ್ ಇಟ್ಟು ತಿಂಗಳುಗಟ್ಟಲೆ ಓಡಿಸಿದರೆ ಆ ಪೆಟ್ರೋಲ್ ಹಳಸುತ್ತದೆ, ಪಂಪ್ ಒಣಗುತ್ತದೆ, ಇಂಜೆಕ್ಟರ್‌ನಲ್ಲಿ ಅಂಟು ಕೂರುತ್ತದೆ. ಟ್ಯಾಂಕ್‌ನಲ್ಲಿ ಕಾಲು ಭಾಗವಾದರೂ ಹೊಸ ಪೆಟ್ರೋಲ್ ಇಡಿ, ವಾರಕ್ಕೊಮ್ಮೆ ಕೆಲವು ಕಿಲೋಮೀಟರ್ ಪೆಟ್ರೋಲ್‌ನಲ್ಲೇ ಓಡಿಸಿ.

ಗ್ಯಾರೇಜ್‌ಗೆ ಹೋಗುವಾಗ

ಬೆಳಗ್ಗೆ ಮಾತ್ರ ಬರುವ ತೊಂದರೆಯಾದರೆ ಗಾಡಿಯನ್ನು ಹಿಂದಿನ ಸಂಜೆಯೇ ಅಲ್ಲಿ ಬಿಡಿ. ಬೆಳಗ್ಗೆ ನೀವು ಹೋಗುವವರೆಗೆ ಯಾರೂ ಸ್ಟಾರ್ಟ್ ಮಾಡಬಾರದು ಎಂದು ಹೇಳಿ, ಸ್ಟೀರಿಂಗ್ ಮೇಲೆ ಚೀಟಿಯನ್ನೂ ಅಂಟಿಸಿ. ಬಿಸಿಯಾದಾಗ ಬರುವುದಾದರೆ ಅರ್ಧ ಗಂಟೆ ಓಡಿಸಿಕೊಂಡೇ ಹೋಗಿ. ವಿಡಿಯೋ ತೋರಿಸಿ. ಬರೆದಿಟ್ಟ ಹಾಳೆ ಕೊಡಿ. "ಕೀ ಮೂರು ಸಲ ಆನ್ ಮಾಡಿದರೆ ತಕ್ಷಣ ಸ್ಟಾರ್ಟ್ ಆಗುತ್ತದೆ, ಪ್ರೆಷರ್ ನಿಲ್ಲುತ್ತಿದೆಯಾ ನೋಡಿ" ಎಂದು ಹೇಳಿದರೆ ಮೆಕ್ಯಾನಿಕ್ ನೇರ ಅಲ್ಲಿಗೇ ಹೋಗುತ್ತಾರೆ.

ಯಾವ ಪಾರ್ಟ್ ಬದಲಾಯಿಸಿದರೂ ಹಳೆಯದನ್ನು ಕೇಳಿ ಇಸಿದುಕೊಳ್ಳಿ. ಯಾವ ಪರೀಕ್ಷೆಯಿಂದ ಅದು ಕೆಟ್ಟಿದೆ ಎಂದು ಗೊತ್ತಾಯಿತು ಎಂದೂ ಕೇಳಿ. ರಿಪೇರಿ ಆದ ಮೇಲೆ ತೊಂದರೆ ಬರುತ್ತಿದ್ದ ಅದೇ ಸನ್ನಿವೇಶದಲ್ಲಿ, ಅದೇ ಇಳಿಜಾರಿನಲ್ಲಿ, ಅದೇ ಹೊತ್ತಿಗೆ ಒಂದು ವಾರ ಸ್ಟಾರ್ಟ್ ಮಾಡಿ ನೋಡಿ, ಸೆಕೆಂಡ್ ಎಣಿಸಿ. ಬಿಲ್‌ನಲ್ಲಿ ಬರೆದ ವಾರಂಟಿ ಅವಧಿ ಮುಗಿಯುವುದರೊಳಗೆ ಮತ್ತೆ ಎಳೆಯತೊಡಗಿದರೆ ಆ ಬಿಲ್ ಹಿಡಿದು ವಾಪಸ್ ಹೋಗಿ.